ಹೆಸರು ಬರೆಸಿದ ದಿನದಿಂದ ಆರನೇ ತಿಂಗಳ ಸಂಬಳದವರೆಗೆ: ಓದು ನಿಂತುಹೋದ ಯುವಜನರಿಗೆ ಕೆಲಸ ಕಲಿಸುವ ಬಗೆ

ಓದು ಅರ್ಧಕ್ಕೆ ನಿಂತ, ಕೈಯಲ್ಲಿ ಕಸುಬಿಲ್ಲದ, ಮನೆಯಲ್ಲಿ ಆಸರೆಯೂ ಅಷ್ಟಕ್ಕಷ್ಟೇ ಇರುವ 18ರಿಂದ 25 ವಯಸ್ಸಿನವರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಹಚ್ಚುವುದು ಹೇಗೆ ಎಂಬುದು ಇಲ್ಲಿನ ವಿಷಯ. ಒಂದು ಕೋಣೆ, ಇಬ್ಬರು ಕಲಿಸುವವರು, ಮನೆ ಮನೆ ಓಡಾಡಲು ಒಬ್ಬ ಕಾರ್ಯಕರ್ತೆ, 20 ಜನರ ಒಂದು ಬ್ಯಾಚು. ಇಷ್ಟರಲ್ಲಿ ಶುರು ಮಾಡುವ ಸಣ್ಣ ಸಂಸ್ಥೆಗೆಂದು ಬರೆದದ್ದು ಇದು.

ಪಾಠ ಚೆನ್ನಾಗಿಲ್ಲ ಅಂತ ಕೆಟ್ಟ ತರಬೇತಿಗಳು ಕಡಿಮೆ. ಜನ ಜಾರಿಹೋಗುವ ಸಂದುಗಳು ನಾಲ್ಕಿವೆ: ಹೆಸರು ಬರೆಸಿದ ದಿನಕ್ಕೂ ತರಗತಿ ಶುರುವಾಗುವ ದಿನಕ್ಕೂ ನಡುವೆ ಒಂದು, ಎರಡರಿಂದ ನಾಲ್ಕನೇ ವಾರದ ನಡುವೆ ಒಂದು, ತರಬೇತಿ ಮುಗಿದು ಕೆಲಸ ಸಿಗುವುದರೊಳಗೆ ಒಂದು, ಕೆಲಸಕ್ಕೆ ಸೇರಿ ಮೊದಲ ಸಂಬಳ ಕೈಗೆ ಬರುವುದರೊಳಗೆ ಇನ್ನೊಂದು. ಪಠ್ಯಕ್ರಮಕ್ಕೆ ಸುರಿಯುವ ಶ್ರಮದ ಅರ್ಧದಷ್ಟನ್ನಾದರೂ ಈ ಸಂದುಗಳನ್ನು ಮುಚ್ಚಲು ಎತ್ತಿಡಬೇಕು.

ಮೊದಲು ಕೆಲಸ ನೋಡಿ, ಆಮೇಲೆ ಕೋರ್ಸು

ಯಾರೋ ಹತ್ತು ಹೊಲಿಗೆ ಯಂತ್ರ ದಾನ ಕೊಟ್ಟರು, ಅದಕ್ಕೆ ಹೊಲಿಗೆ ತರಬೇತಿ. ಕಂಪ್ಯೂಟರ್ ಕಲಿಸುವ ಹುಡುಗ ಸಿಕ್ಕಿದ, ಅದಕ್ಕೆ ಕಂಪ್ಯೂಟರ್ ತರಬೇತಿ. ಎಷ್ಟೋ ಕಡೆ ಕೋರ್ಸು ಹುಟ್ಟುವುದು ಹೀಗೆ. ಮೂರು ತಿಂಗಳಾದ ಮೇಲೆ ಪ್ರಮಾಣಪತ್ರ ಹಿಡಿದು ನಿಂತವರಿಗೆ ಸುತ್ತಮುತ್ತ ಆ ಕೆಲಸವೇ ಇರುವುದಿಲ್ಲ.

ತಿರುಗಿಸಿ ಮಾಡಿ. ನಿಮ್ಮ ಕಲಿಯುವವರ ಮನೆಗಳಿಂದ ಒಂದು ಗಂಟೆಯೊಳಗೆ ತಲುಪಬಹುದಾದ 12ರಿಂದ 15 ಕೆಲಸದ ಜಾಗಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಖುದ್ದಾಗಿ ಹೋಗಿ. ಮಾಲೀಕರನ್ನೋ ನೇಮಕಾತಿ ವಿಭಾಗದವರನ್ನೋ ಮಾತ್ರ ಕಂಡು ಬಂದರೆ ಸಾಲದು. ಹೊಸಬರನ್ನು ದಿನವೂ ಕೈಕೆಳಗೆ ಇಟ್ಟುಕೊಳ್ಳುವ ಸೂಪರ್‌ವೈಸರ್ ಹತ್ತಿರ ಮಾತಾಡಿ. ‘ನಿಮಗೆ ಎಂಥವರು ಬೇಕು?’ ಅಂದರೆ ‘ಒಳ್ಳೆಯವರು ಬೇಕು’ ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: ಕಳೆದ ಆರು ತಿಂಗಳಲ್ಲಿ ಎಷ್ಟು ಹೊಸಬರನ್ನು ತಗೊಂಡಿರಿ? ಅವರಲ್ಲಿ ಎಷ್ಟು ಮಂದಿ ಮೂರು ತಿಂಗಳೊಳಗೆ ಬಿಟ್ಟರು, ಯಾಕೆ ಬಿಟ್ಟರು? ಮೊದಲ ವಾರ ಹೊಸಬರ ಕೈಗೆ ಏನು ಕೆಲಸ ಕೊಡುತ್ತೀರಿ? ಪ್ರಮಾಣಪತ್ರ ನೋಡುತ್ತೀರೋ, ಕೆಲಸ ಮಾಡಿಸಿ ನೋಡುತ್ತೀರೋ? ಪಾಳಿ ಎಷ್ಟು ಗಂಟೆಗೆ ಶುರು, ರಾತ್ರಿ ಪಾಳಿ ಇದೆಯೇ? ಸಂಬಳ ಯಾವ ತಾರೀಖಿಗೆ, ಲೆಕ್ಕ ಯಾವ ತಾರೀಖಿಗೆ ಮುಗಿಸುತ್ತೀರಿ?

ಕೊನೆಯ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ನಾಲ್ಕನೇ ಸಂದು ಮುಚ್ಚುವಾಗ ಅದೇ ಕೆಲಸಕ್ಕೆ ಬರುವುದು, ಬರೆದಿಟ್ಟುಕೊಳ್ಳಿ.

ಎರಡು ಮೂರು ಜಾಗಗಳಲ್ಲಿ ಒಂದು ಪೂರ್ತಿ ಪಾಳಿ ಕೂತು ನೋಡಿ. ಎಷ್ಟು ಹೊತ್ತು ನಿಂತೇ ಇರಬೇಕು, ಶೌಚಾಲಯ ಎಲ್ಲಿದೆ, ಹೆಣ್ಣುಮಕ್ಕಳು ಎಷ್ಟಿದ್ದಾರೆ, ತಪ್ಪು ಮಾಡಿದವರ ಮೇಲೆ ಎಂಥ ದನಿಯಲ್ಲಿ ಕೂಗುತ್ತಾರೆ ಎಂಬುದೆಲ್ಲ ಕಾಗದದಲ್ಲಿ ಸಿಗುವುದಿಲ್ಲ. ನಿಮ್ಮ ಬ್ಯಾಚಿನಲ್ಲಿ 20 ಜನ ಅಂದರೆ ವರ್ಷಕ್ಕೆ ಕನಿಷ್ಠ 40 ಖಾಲಿ ಜಾಗ ಬೀಳುವ ಕಸುಬನ್ನೇ ಆರಿಸಿ. ನಿಮ್ಮವರ ಎದುರು ಬೇರೆಯವರೂ ಅರ್ಜಿ ಹಾಕುತ್ತಾರೆ. ಉದ್ಯೋಗದಾತರಿಂದ ಕೆಲಸದ ಖಾತರಿ ಬರೆಸಿಕೊಳ್ಳಲು ಹೋಗಬೇಡಿ, ಯಾರೂ ನಿಜವಾಗಿ ಕೊಡುವುದಿಲ್ಲ. ‘ತರಬೇತಿ ಮುಗಿಸಿದವರನ್ನು ಸಂದರ್ಶನಕ್ಕೆ ಕರೆಯುತ್ತೇವೆ, ನಾಲ್ಕು ವಾರ ಕೆಲಸದ ಜಾಗದಲ್ಲಿ ಕಲಿಯಲು ಬಿಡುತ್ತೇವೆ’ ಎಂಬ ಒಂದು ಪುಟದ ಒಪ್ಪಿಗೆ ಸಾಕು.

2000ದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಶುರುವಾದ ಇಯರ್ ಅಪ್ ಕಾರ್ಯಕ್ರಮದ ಕಟ್ಟು ಇದೇ: ಆರು ತಿಂಗಳು ತರಗತಿ, ಆರು ತಿಂಗಳು ಕಂಪನಿಯೊಳಗೆ ಇಂಟರ್ನ್‌ಶಿಪ್. ಕಂಪನಿಗೆ ಬೇಕಾದ ಕೌಶಲ ಯಾವುದೋ ಅದೇ ಮೊದಲಾರು ತಿಂಗಳ ಪಾಠ.

ಜನರನ್ನು ಹುಡುಕುವುದು

ಗೋಡೆಗೆ ಅಂಟಿಸಿದ ಪೋಸ್ಟರು ನೋಡಿ ಬರುವವರು ಹೇಗಿದ್ದರೂ ದಾರಿ ಹುಡುಕಿಕೊಳ್ಳುತ್ತಿದ್ದವರು. ನಿಮಗೆ ಬೇಕಾದವರು ಪೋಸ್ಟರನ್ನು ಓದುವುದಿಲ್ಲ, ಓದಿದರೂ ‘ಇದು ನಮ್ಮಂಥವರಿಗಲ್ಲ’ ಅಂದುಕೊಳ್ಳುತ್ತಾರೆ. ಮನೆಗೇ ಹೋಗಬೇಕು, ಅದೂ ಮನೆಯವರು ಇರುವ ಹೊತ್ತಿಗೆ. ಹುಡುಗಿಯರ ವಿಷಯದಲ್ಲಿ ತೀರ್ಮಾನ ಮಾಡುವವರು ತಾಯಿ, ಅಣ್ಣ, ಗಂಡ, ಅತ್ತೆ ಯಾರೇ ಆಗಿರಬಹುದು. ಅವರಿಗೆ ತರಬೇತಿಯ ಜಾಗ ತೋರಿಸಿ, ಕಲಿಸುವವರ ಮುಖ ಪರಿಚಯ ಮಾಡಿಸಿ, ಎಷ್ಟು ಗಂಟೆಗೆ ಮನೆಗೆ ವಾಪಸ್ ಅಂತ ಹೇಳಿ. ಹಿಂದಿನ ಬ್ಯಾಚಿನಲ್ಲಿ ಕಲಿತು ಕೆಲಸದಲ್ಲಿರುವ ಒಬ್ಬರನ್ನು ಜೊತೆಗೆ ಕರೆದೊಯ್ದರೆ ನಿಮ್ಮ ಮಾತು ಅರ್ಧ ಉಳಿಯುತ್ತದೆ.

20 ಜನರ ಬ್ಯಾಚಿಗೆ 26ರಿಂದ 28 ಹೆಸರು ಬರೆದುಕೊಳ್ಳಿ. ಹೆಸರು ಬರೆಸಿದ ದಿನದಿಂದ ತರಗತಿಗೆ 10 ದಿನ ಮೀರಬಾರದು. ತಿಂಗಳುಗಟ್ಟಲೆ ಕಾಯಿಸಿದರೆ ಅಷ್ಟರಲ್ಲಿ ಸಿಕ್ಕ ಕೂಲಿಗೆ ಹೋಗಿರುತ್ತಾರೆ, ಹೋಗಲೇಬೇಕಾದ ಸ್ಥಿತಿ ಅವರದು. ಮೂರನೇ ದಿನಕ್ಕೆ ಒಂದು ಫೋನು, ಹಿಂದಿನ ಸಂಜೆ ಒಂದು ಫೋನು. ನಂಬರು ಮೂರು ತಗೊಳ್ಳಿ: ಅವರದು, ಮನೆಯವರದು, ನೆರೆಮನೆಯವರದು ಅಥವಾ ಗೆಳೆಯರದು. ರೀಚಾರ್ಜ್ ಮುಗಿದು ಸಿಮ್ ಬದಲಾಗುವುದು ಇವರಲ್ಲಿ ಮಾಮೂಲು, ಒಂದೇ ನಂಬರು ನಂಬಿದರೆ ಎರಡನೇ ತಿಂಗಳಿಗೆ ಸಂಪರ್ಕ ತಪ್ಪುತ್ತದೆ.

ಮೊದಲ ಎರಡು ದಿನ ಪರೀಕ್ಷಾರ್ಥ ಇರಲಿ. ಬಂದು ನೋಡಿ, ಒಗ್ಗದಿದ್ದರೆ ಬಿಡಿ ಎಂದು ಬಾಯಿಬಿಟ್ಟು ಹೇಳಿ. ಆ ಎರಡು ದಿನದಲ್ಲಿ ಅವರನ್ನು ನಿಜವಾದ ಕೆಲಸದ ಜಾಗಕ್ಕೆ ಕರೆದೊಯ್ದು ತೋರಿಸಿ. ಎರಡನೇ ದಿನ ಬಿಟ್ಟುಹೋದವರ ಜಾಗಕ್ಕೆ ಇನ್ನೊಬ್ಬರನ್ನು ಕರೆಯಬಹುದು; ಎರಡನೇ ತಿಂಗಳು ಹೋದವರ ಜಾಗ ಖಾಲಿಯೇ ಉಳಿಯುತ್ತದೆ.

ಮೊದಲ ಮಾತುಕತೆ

ಒಬ್ಬೊಬ್ಬರಿಗೂ 40 ನಿಮಿಷ ಕೊಡಿ. ಮೇಜಿನ ಆಚೀಚೆ ಕೂರುವ ಬದಲು ಪಕ್ಕಪಕ್ಕ ಕೂತರೆ ಮಾತು ಸಲೀಸು. ಹದಿನೆಂಟು ದಾಟಿದವರನ್ನು ‘ನೀವು’ ಎಂದೇ ಕರೆಯಿರಿ. ಏಕವಚನದಲ್ಲಿ ಶುರುವಾದ ಮಾತು ಬಹುಬೇಗ ಶಾಲೆಯ ಹಳೆ ಮೇಷ್ಟ್ರ ದನಿಗೆ ಜಾರುತ್ತದೆ, ಅವರು ಶಾಲೆ ಬಿಟ್ಟದ್ದೇ ಆ ದನಿಯಿಂದ ಇರಬಹುದು.

‘ಮುಂದೆ ಏನಾಗಬೇಕು ಅಂತಿದ್ದೀರಿ?’ ಎಂಬ ಪ್ರಶ್ನೆ ಬಿಡಿ. ಅದಕ್ಕೆ ಬರುವುದು ನೀವು ಕೇಳಲು ಬಯಸುವ ಉತ್ತರ. ಬದಲಿಗೆ: ‘ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗೋವರೆಗೆ ಏನೇನು ಮಾಡಿದಿರಿ, ಒಂದೊಂದೇ ಹೇಳಿ.’ ಒಬ್ಬಳು ಹೇಳುತ್ತಾಳೆ ಅಂದುಕೊಳ್ಳಿ: ಐದಕ್ಕೆ ಎದ್ದು ನೀರು ಹಿಡಿದೆ, ಅಡುಗೆ ಮಾಡಿದೆ, ತಮ್ಮನನ್ನು ಎಂಟೂವರೆಗೆ ಶಾಲೆಗೆ ಬಿಟ್ಟೆ, ಅಜ್ಜಿಗೆ ಹನ್ನೆರಡಕ್ಕೆ ಮಾತ್ರೆ ಕೊಟ್ಟೆ. ಎಂಟು ಗಂಟೆಗೆ ಶುರುವಾಗುವ ನಿಮ್ಮ ತರಗತಿಗೆ ಅವಳು ಎಂದೂ ಸಮಯಕ್ಕೆ ಬರುವುದಿಲ್ಲ, ಮಧ್ಯಾಹ್ನ ಅಜ್ಜಿಯ ಮಾತ್ರೆಯ ಹೊತ್ತಿಗೆ ಮನಸ್ಸು ಮನೆಯಲ್ಲಿರುತ್ತದೆ. ಈ ಎರಡು ಗಂಟು ಬಿಡಿಸಿದ ಮೇಲೇ ಅವಳಿಗೆ ಸೀಟು ಕೊಟ್ಟದ್ದಕ್ಕೆ ಅರ್ಥ. ತರಗತಿ ಒಂಬತ್ತೂಕಾಲಿಗೆ ಶುರುವಾದರೆ ಒಂದು ಗಂಟು ಬಿಟ್ಟಿತು. ಮಾತ್ರೆಗೆ ನೆರೆಮನೆಯವರು ಒಪ್ಪುತ್ತಾರೆಯೇ ಎಂದು ಅವಳ ಜೊತೆಗೇ ಹೋಗಿ ಕೇಳಿದರೆ ಇನ್ನೊಂದು.

ಇದೇ ಮಾತಿನಲ್ಲಿ ಇನ್ನಷ್ಟು ತಿಳಿದುಕೊಳ್ಳಬೇಕು. ಸಾಲವಿದೆಯೇ, ತಿಂಗಳಿಗೆ ಎಷ್ಟು ಕಟ್ಟಬೇಕು. ರಾತ್ರಿ ಏನಾದರೂ ಕೆಲಸ ಮಾಡುತ್ತಾರೆಯೇ. ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆ, ಅದಕ್ಕೆ ಜೋಡಿಸಿದ ಫೋನು ಯಾರ ಕೈಯಲ್ಲಿದೆ. ಕಾಗದಪತ್ರಗಳಲ್ಲಿ ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಒಂದೇ ರೀತಿ ಇದೆಯೇ. ಈ ಕೊನೆಯದನ್ನು ಮೊದಲ ವಾರವೇ ನೋಡಿ. ತಿದ್ದುಪಡಿಗೆ ವಾರಗಳು ಹಿಡಿಯುತ್ತವೆ, ಕೆಲಸದ ಪತ್ರ ಬಂದ ದಿನ ಗೊತ್ತಾದರೆ ಕೆಲಸವೇ ಕೈತಪ್ಪುತ್ತದೆ.

ಕಣ್ಣನ್ನೂ ನೋಡಿ. ಸಣ್ಣ ಅಕ್ಷರದ ಕಾಗದ ಕೈಗೆ ಕೊಟ್ಟು ಓದಿಸಿ, ಕೋಣೆಯ ಆಚೆ ತುದಿಯ ಬೋರ್ಡು ಓದಿಸಿ. ತಡವರಿಸಿದವರನ್ನು ಕಣ್ಣಿನ ವೈದ್ಯರ ಹತ್ತಿರ ಕಳಿಸಿ. ‘ತಲೆಗೆ ಹತ್ತಲ್ಲ’ ಎಂದು ಶಾಲೆ ಬಿಟ್ಟ ಕೆಲವರಿಗೆ ಬೇಕಿದ್ದದ್ದು ಒಂದು ಕನ್ನಡಕ.

ಓದು, ಬರಹ, ಲೆಕ್ಕ: ಎಲ್ಲಿದ್ದಾರೆ ಅಂತ ತಿಳಿಯುವುದು

ಪರೀಕ್ಷೆ ಅನ್ನಬೇಡಿ. ‘ಎಲ್ಲಿಂದ ಶುರು ಮಾಡಬೇಕು ನೋಡೋಣ’ ಅನ್ನಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು 15 ನಿಮಿಷದಲ್ಲಿ ಮುಗಿಸಿ. 60 ಪದಗಳ ಒಂದು ಪ್ಯಾರಾ ಗಟ್ಟಿಯಾಗಿ ಓದಿ ಅದರಲ್ಲೇನಿತ್ತು ಎಂದು ಹೇಳಲಿ. ಹೆಸರು, ವಿಳಾಸ ಮತ್ತು ‘ನಾಳೆ ಯಾಕೆ ರಜೆ ಬೇಕು’ ಎಂಬ ಎರಡು ಸಾಲು ಬರೆಯಲಿ. 1000ದಲ್ಲಿ 365 ಕಳೆಯಲಿ. 240ರ ಶೇ. 15 ಎಷ್ಟು ಹೇಳಲಿ. ಅಳತೆ ಟೇಪಿನಲ್ಲಿ 17.5 ಸೆಂ.ಮೀ. ತೋರಿಸಲಿ. 14:40 ಅಂದರೆ ಎಷ್ಟು ಗಂಟೆ ಹೇಳಲಿ. ಉತ್ತರ ಸರಿಯೋ ತಪ್ಪೋ ಅನ್ನುವುದಕ್ಕಿಂತ ಎಲ್ಲಿ ನಿಂತರು ಅನ್ನುವುದನ್ನು ಬರೆದುಕೊಳ್ಳಿ. 1000ದಿಂದ ಕಳೆಯುವಾಗ ಸೊನ್ನೆಗಳಲ್ಲಿ ದಶಕ ತರಲು ಬಾರದವರು ಬೇರೆ, ಕಳೆಯುವುದು ಎಂದರೇನೆಂದೇ ತಿಳಿಯದವರು ಬೇರೆ.

ಪ್ಯಾರಾ ಓದಲಾಗದವರನ್ನು ವಾಪಸ್ ಕಳಿಸಬೇಡಿ. ಅವರಿಗೆ ಅರ್ಧ ಗಂಟೆ ಮುಂಚೆ ಬರಲು ಹೇಳಿ, ನಾಲ್ಕು ಜನಕ್ಕೊಬ್ಬರಂತೆ ಓದಿಸುವ ವ್ಯವಸ್ಥೆ ಮಾಡಿ. ಆದರೆ ಗುಂಪಿಗೆ ಹೆಸರಿಡಬೇಡಿ. ‘ವೀಕ್ ಬ್ಯಾಚ್’ ಎಂಬ ಮಾತು ಒಂದು ಸಲ ಹೊರಬಿದ್ದರೆ ಆ ಅರ್ಧ ಗಂಟೆಗೆ ಯಾರೂ ಬರುವುದಿಲ್ಲ.

ಕಸುಬಿನೊಳಗೇ ಅಕ್ಷರ

ಬೆಳಿಗ್ಗೆ ಒಂದು ಗಂಟೆ ಗಣಿತ, ಒಂದು ಗಂಟೆ ಭಾಷೆ, ಆಮೇಲೆ ಕಸುಬು ಅಂತ ವೇಳಾಪಟ್ಟಿ ಹಾಕಿದರೆ ಮೊದಲ ಎರಡು ಗಂಟೆಗೆ ಅರ್ಧ ಜನ ತಡವಾಗಿ ಬರುತ್ತಾರೆ. ಶಾಲೆಯಲ್ಲಿ ಸೋತ ವಿಷಯವನ್ನು ಶಾಲೆಯಂತೆಯೇ ಮತ್ತೆ ಕಲಿಸಿದರೆ ಹಳೆಯ ಸೋಲೇ ಎದುರಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳು 2004ರ ಸುಮಾರಿಗೆ ಐ-ಬೆಸ್ಟ್ ಎಂಬ ಕ್ರಮ ಶುರು ಮಾಡಿದವು: ಒಂದೇ ತರಗತಿಯಲ್ಲಿ ಇಬ್ಬರು, ಒಬ್ಬರು ಕಸುಬಿನವರು, ಇನ್ನೊಬ್ಬರು ಓದು ಬರಹ ಲೆಕ್ಕದವರು. ಇಬ್ಬರನ್ನು ದಿನವಿಡೀ ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ ವಾರಕ್ಕೆ ಮೂರು ಅವಧಿಯಾದರೂ ಹೀಗೆ ಸೇರಿಸಿ ನಡೆಸಿ.

ಟೈಲ್ಸ್ ಹಾಕುವ ಕೆಲಸದ ಒಂದು ಪಾಠ ಹೀಗಿರಬಹುದು. ಕೋಣೆಯ ಉದ್ದ 3.6 ಮೀಟರ್, ಅಗಲ 2.7 ಮೀಟರ್. ಟೈಲು 30 ಸೆಂ.ಮೀ. ಚೌಕ. ಎಷ್ಟು ಟೈಲು ಬೇಕು? ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಂದು ಸಾಲು ಜೋಡಿಸಲಿ. ಉದ್ದಕ್ಕೆ 12, ಅಗಲಕ್ಕೆ 9, ಒಟ್ಟು 108. ಕತ್ತರಿಸುವಾಗ ಒಡೆಯುವುದಕ್ಕೆ ಶೇ. 10 ಸೇರಿಸಿದರೆ 10.8, ಅಂದರೆ 11, ಒಟ್ಟು 119. ಪೆಟ್ಟಿಗೆಗೆ ಹತ್ತರಂತೆ ಬಂದರೆ 12 ಪೆಟ್ಟಿಗೆ ತರಿಸಬೇಕು. ಗುಣಾಕಾರ, ದಶಮಾಂಶ, ಶೇಕಡಾ, ಮೇಲಿನ ಪೂರ್ಣ ಸಂಖ್ಯೆಗೆ ಏರಿಸುವುದು ಎಲ್ಲ ಒಂದೇ ನೆಲದ ಮೇಲೆ ಬಂದುಹೋಯಿತು.

ಇಲ್ಲಿ ಬೀಳುವ ತಪ್ಪೂ ಒಂದೇ ಥರ. ಕೋಣೆಯ ವಿಸ್ತೀರ್ಣ 9.72 ಚದರ ಮೀಟರ್ ಅಂತ ಸರಿಯಾಗಿ ತೆಗೆದು, ಅದನ್ನು 0.3ರಿಂದ ಭಾಗಿಸಿ 32 ಚಿಲ್ಲರೆ ಟೈಲು ಅನ್ನುತ್ತಾರೆ. ಭಾಗಿಸಬೇಕಾದದ್ದು ಟೈಲಿನ ವಿಸ್ತೀರ್ಣ 0.09ರಿಂದ. ‘ತಪ್ಪು’ ಅನ್ನುವ ಬದಲು 32 ಟೈಲು ಎತ್ತಿ ಕೊಟ್ಟು ಹಾಸಲು ಹೇಳಿ. ಮೂರನೇ ಸಾಲಿನ ಹೊತ್ತಿಗೆ ಕೈ ಬರಿದಾಗುತ್ತದೆ, ತಪ್ಪು ತಾನೇ ಕಾಣುತ್ತದೆ.

ಭಾಷೆಗೂ ಇದೇ ದಾರಿ. ಕೆಲಸದ ಆದೇಶದ ಚೀಟಿ, ರಾಸಾಯನಿಕದ ಡಬ್ಬಿಯ ಮೇಲಿನ ಎಚ್ಚರಿಕೆ, ಪಾಳಿ ಬದಲಾದ ಸಂದೇಶ ಓದುವ ಪಾಠಗಳಾಗಲಿ. ಬರೆಯಲು ಮೂರು ಸಾಲಿನ ಸಂದೇಶ: ಏನಾಯಿತು, ಎಷ್ಟು ಹೊತ್ತಿಗೆ ಬರುತ್ತೇನೆ, ಅಲ್ಲಿಯವರೆಗೆ ಕೆಲಸಕ್ಕೆ ಏನು ವ್ಯವಸ್ಥೆ.

ನಿಂತುಹೋದ ಶಾಲಾ ಪರೀಕ್ಷೆ ಮತ್ತೆ ಕಟ್ಟುವ ಆಸೆ ಇರುವವರಿಗೆ ಶಾಲೆಗೆ ಹೋಗದೆ ಓದಿಕೊಂಡು ಪರೀಕ್ಷೆ ಕಟ್ಟಬಹುದಾದ ಮುಕ್ತ ಶಾಲೆಯ ದಾರಿ ಹೇಳಿಕೊಡಿ. ಎಲ್ಲ ವಿಷಯ ಒಟ್ಟಿಗೆ ಕಟ್ಟಿಸಬೇಡಿ. ಖಂಡಿತ ಪಾಸಾಗಬಹುದಾದ ಒಂದೆರಡು ವಿಷಯ ಮೊದಲು. ಆ ಅಂಕಪಟ್ಟಿ ಕೈಗೆ ಬಂದ ಮೇಲೆ ಕಷ್ಟದವು. ಪರೀಕ್ಷೆಯ ತಿಂಗಳೂ ಕೆಲಸದ ಜಾಗದ ತರಬೇತಿಯ ತಿಂಗಳೂ ಒಂದೇ ಆದರೆ ಎರಡೂ ಕೆಡುತ್ತವೆ, ಶುಲ್ಕ ಕಟ್ಟುವ ಮುನ್ನ ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿ.

12 ವಾರಗಳ ಹಂಚಿಕೆ

16 ವಾರವೂ ಆಗಬಹುದು, 24 ವಾರವೂ ಆಗಬಹುದು. ಕಸುಬಿನ ಮೇಲೆ ಹೋಗುತ್ತದೆ. ಜರ್ಮನಿಯಲ್ಲಿ ಕಸುಬು ಕಲಿಯುವವರು ವಾರಕ್ಕೆ ಒಂದೆರಡು ದಿನ ವೃತ್ತಿಶಾಲೆಯಲ್ಲಿ, ಉಳಿದ ದಿನ ಕಂಪನಿಯಲ್ಲಿ ಇದ್ದುಕೊಂಡು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷ ಕಲಿಯುತ್ತಾರೆ. 1969ರ ಕಾನೂನೇ ಆ ಪದ್ಧತಿಗೆ ಬುಡ. ಅಷ್ಟು ಕಾಲ ಪೂರ್ತಿ ಸಂಬಳವಿಲ್ಲದೆ ಇರಲಾಗದವರಿಗೆ 12 ವಾರ ಒಂದು ರಾಜಿ. ಮೊದಲ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಕಲಿಸಲು ಅದು ಸಾಕು, ಪೂರ್ತಿ ಕಸುಬಿಗೆ ಸಾಲದು. ಇದನ್ನು ಕಲಿಯುವವರಿಗೂ ಮುಚ್ಚುಮರೆಯಿಲ್ಲದೆ ಹೇಳಿ.

ದಿನಕ್ಕೆ 5 ಗಂಟೆ, ವಾರಕ್ಕೆ 5 ದಿನ ಅಂದರೆ 8 ವಾರದ ತರಗತಿ 200 ಗಂಟೆ. ಅದರಲ್ಲಿ 120 ಗಂಟೆಯಾದರೂ ಕೈ ಕೆಲಸವಾಗಿರಬೇಕು. ಇಬ್ಬರಿಗೆ ಒಂದು ಸೆಟ್ ಉಪಕರಣ ಬೇಕು. ನಾಲ್ವರಿಗೆ ಒಂದಾದರೆ ಚುರುಕಾದವರು ಮಾಡುತ್ತಾರೆ, ಹಿಂಜರಿಯುವವರು ನೋಡುತ್ತಾರೆ, ನೋಡಿದವರಿಗೆ ಕೆಲಸ ಬರುವುದಿಲ್ಲ.

ಮೊದಲ ದಿನವೇ ಏನಾದರೂ ಒಂದು ಮಾಡಿ ಮುಗಿಸಲಿ: ಉರಿಯುವ ಒಂದು ಬಲ್ಬಿನ ಸರ್ಕ್ಯೂಟು, ಹೊಲಿದ ಒಂದು ಚೀಲ, ಏನೇ ಆಗಲಿ. ‘ಪರಿಚಯ’ ಮತ್ತು ‘ನಿಯಮಗಳು’ ಎಂದು ಇಡೀ ವಾರ ಕಳೆದರೆ ಅದು ಶಾಲೆಯೇ ಆಯಿತು. ಮೂರನೇ ವಾರದಿಂದ ಬರುವ ಹೊತ್ತನ್ನು ಕೆಲಸದ ಜಾಗದ ಹೊತ್ತಿಗೆ ನಿಧಾನವಾಗಿ ಹೊಂದಿಸಿ. ಮುಂದೆ ಏಳಕ್ಕೆ ಪಾಳಿ ಇದ್ದರೆ ಇಲ್ಲಿ ಹತ್ತಕ್ಕೆ ಬಂದು ಅಭ್ಯಾಸವಾದವರು ಅಲ್ಲಿ ಮೊದಲ ವಾರವೇ ಸೋಲುತ್ತಾರೆ. ಮನೆಯ ಕಾರಣಕ್ಕೆ ಬೇಗ ಬರಲಾಗದವರಿಗೆ, ಅಜ್ಜಿಯ ಮಾತ್ರೆ ನೋಡಿಕೊಳ್ಳುವ ಆ ಹುಡುಗಿಯಂಥವರಿಗೆ, ಏಳು ಗಂಟೆಯ ಪಾಳಿ ಇಲ್ಲದ ಉದ್ಯೋಗದಾತರನ್ನೇ ಈಗಿಂದ ನೋಡಿಟ್ಟಿರಬೇಕು. 9ರಿಂದ 12ನೇ ವಾರ ಕೆಲಸದ ಜಾಗದಲ್ಲಿ, ಶುಕ್ರವಾರ ಮಧ್ಯಾಹ್ನ ಮಾತ್ರ ತರಗತಿಗೆ ವಾಪಸ್: ಆ ವಾರ ಏನು ತಿಳಿಯಲಿಲ್ಲ, ಯಾರು ಏನಂದರು ಎಂದು ಮಾತಾಡಲು.

ಓದನ್ನೂ ಕೆಲಸವನ್ನೂ ಹೆಣೆಯುವ ಹಳೆಯ ಮಾದರಿಗಳಲ್ಲಿ ಯೂತ್‌ಬಿಲ್ಡ್ ಒಂದು. 1978ರಲ್ಲಿ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ ಡೊರೊಥಿ ಸ್ಟೋನ್‌ಮನ್ ಮತ್ತು ಅಲ್ಲಿನ ಹುಡುಗ ಹುಡುಗಿಯರು ಪಾಳುಬಿದ್ದ ಕಟ್ಟಡವೊಂದನ್ನು ದುರಸ್ತಿ ಮಾಡಲು ಇಳಿದದ್ದರಿಂದ ಅದು ಬೆಳೆಯಿತು. ಒಂದಿಷ್ಟು ಹೊತ್ತು ಓದು, ಒಂದಿಷ್ಟು ಹೊತ್ತು ಮನೆ ಕಟ್ಟುವ ಕೆಲಸ. ಕಟ್ಟಿದ ಮನೆಯಲ್ಲಿ ಯಾರೋ ನಿಜವಾಗಿ ವಾಸ ಮಾಡುತ್ತಾರೆ ಎಂಬುದು ಅಲ್ಲಿನ ಮುಖ್ಯ ಎಳೆ. ಬಿಚ್ಚಿ ಬಿಸಾಡುವ ಅಭ್ಯಾಸದ ತುಂಡುಗಳನ್ನೇ 12 ವಾರ ಮಾಡಿಸುವ ಬದಲು, ಸಣ್ಣದಾದರೂ ಬಳಕೆಗೆ ಬರುವ ಒಂದು ಕೆಲಸ ಕೊಡಿ.

ಓಡಾಟದ ಖರ್ಚು, ಮಗು, ತುರ್ತು ಹಣ

ಓಡಾಟದ ಖರ್ಚನ್ನು ವಾರಕ್ಕೊಮ್ಮೆ, ಬಂದ ದಿನಗಳ ಲೆಕ್ಕದಲ್ಲಿ ಕೊಡಿ. ತಿಂಗಳ ಕೊನೆಗೆ ಕೊಡುತ್ತೇವೆ ಅಂದರೆ ಎರಡನೇ ವಾರಕ್ಕೆ ಕೈಯಲ್ಲಿ ಬಸ್ಸಿಗೂ ಇಲ್ಲದೆ ನಿಲ್ಲುತ್ತಾರೆ. ‘ಆಸಕ್ತಿಯಿಲ್ಲ’ ಎಂದು ನಾವು ಬರೆದುಕೊಳ್ಳುವ ಗೈರುಹಾಜರಿಯಲ್ಲಿ ಇದೂ ಸೇರಿರುತ್ತದೆ. ಮೊತ್ತ ಓಡಾಟ ಮತ್ತು ಮಧ್ಯಾಹ್ನದ ಊಟಕ್ಕೆ ಆಗುವಷ್ಟಿರಲಿ. ಅದಕ್ಕಿಂತ ತುಂಬ ಹೆಚ್ಚಾದರೆ ಆ ಹಣಕ್ಕೆಂದೇ ಸೇರಿ, ಮುಗಿದ ಮೇಲೆ ಇನ್ನೊಂದು ತರಬೇತಿಗೆ ಹೋಗುವವರು ಹುಟ್ಟಿಕೊಳ್ಳುತ್ತಾರೆ.

ಕೊಲಂಬಿಯಾ ದೇಶ ಬಡ ಯುವಜನರಿಗೆ ನಡೆಸಿದ ಹೋವೆನೆಸ್ ಎನ್ ಅಕ್ಸಿಯೋನ್ ಕಾರ್ಯಕ್ರಮದಲ್ಲಿ ಮೂರು ತಿಂಗಳು ತರಗತಿ, ಮೂರು ತಿಂಗಳು ಕೆಲಸದ ಜಾಗ. ದಿನದ ಭತ್ಯೆ ಎಲ್ಲರಿಗೂ ಇತ್ತು, ಏಳು ವರ್ಷದೊಳಗಿನ ಮಕ್ಕಳಿದ್ದ ತಾಯಂದಿರಿಗೆ ಮಗು ನೋಡಿಕೊಳ್ಳುವ ಖರ್ಚಿಗೆಂದು ಹೆಚ್ಚು ಇತ್ತು. 2005ರ ಬ್ಯಾಚಿನಲ್ಲಿ ಚೀಟಿ ಎತ್ತಿ ಸೀಟು ಕೊಟ್ಟಿದ್ದರಿಂದ, ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಲು ಸಾಧ್ಯವಾಯಿತು: ಸೀಟು ಸಿಕ್ಕ ಹೆಂಗಸರ ಗಳಿಕೆ ಶೇ. 20ರ ಹತ್ತಿರ ಏರಿತ್ತು. ಮಗುವಿನ ಖರ್ಚನ್ನು ‘ಆದರೆ ನೋಡೋಣ’ ಎಂಬ ಪಟ್ಟಿಗೆ ತಳ್ಳುವವರು ಆ ಕಾರ್ಯಕ್ರಮ ಅದನ್ನು ಎಲ್ಲಿಟ್ಟಿತ್ತು ಎಂದು ಗಮನಿಸಬೇಕು.

ಒಂದು ಸಣ್ಣ ತುರ್ತು ನಿಧಿ ಇರಲಿ. ಔಷಧ, ಒಡೆದ ಕನ್ನಡಕ, ಬಾಡಿಗೆ ಬಾಕಿಯಂಥವಕ್ಕೆ. ಒಂದೇ ಪುಟದ ಅರ್ಜಿ, 24 ಗಂಟೆಯೊಳಗೆ ತೀರ್ಮಾನ, ಇಬ್ಬರ ಸಹಿ. ಸಿಬ್ಬಂದಿ ತಮ್ಮ ಜೇಬಿನಿಂದ ಕೈಸಾಲ ಕೊಡಬಾರದು. ಸಾಲ ತೀರಿಸಲಾಗದವರು ನಾಚಿಕೆಗೆ ತರಗತಿಗೇ ಬರುವುದು ಬಿಡುತ್ತಾರೆ.

ಬರದ ದಿನ

ಎರಡರಿಂದ ನಾಲ್ಕನೇ ವಾರ ಹೊಸತನ ತೀರಿರುತ್ತದೆ, ಕೈಗೆ ಕೆಲಸ ಇನ್ನೂ ಹತ್ತಿರುವುದಿಲ್ಲ, ಮನೆಯಲ್ಲಿ ‘ಇಷ್ಟು ದಿನ ದುಡಿದಿದ್ದರೆ’ ಎಂಬ ಮಾತು ಶುರುವಾಗಿರುತ್ತದೆ. ಬರದಿದ್ದವರಿಗೆ ಅದೇ ದಿನ, ತರಗತಿ ಶುರುವಾದ ಒಂದು ಗಂಟೆಯೊಳಗೆ ಫೋನು ಹೋಗಬೇಕು. ‘ಯಾಕೆ ಬಂದಿಲ್ಲ?’ ಎಂದು ಕೇಳಿದರೆ ಸುಳ್ಳು ಕಾರಣ ಬರುತ್ತದೆ. ‘ಇವತ್ತು ಕಾಣಲಿಲ್ಲ, ಎಲ್ಲ ಆರಾಮಾ?’ ಅಂದರೆ ಮಾತು ಬರುತ್ತದೆ. ಎರಡನೇ ದಿನವೂ ಬರದಿದ್ದರೆ ಸಂಜೆ ಮನೆಗೆ ಹೋಗಿ. ಒಂದು ವಾರ ಕಾದು ಹೋದರೆ ಅವರು ಮನಸ್ಸಿನಲ್ಲಿ ಬಿಟ್ಟಾಗಿರುತ್ತದೆ, ತಪ್ಪಿದ ಪಾಠವೂ ಬೆಟ್ಟವಾಗಿರುತ್ತದೆ.

ಹಾಜರಿ ಪುಸ್ತಕದಲ್ಲಿ ಗೈರಿನ ಪಕ್ಕ ಕಾರಣದ ಒಂದು ಅಕ್ಷರ ಬರೆಯಿರಿ: ಆರೋಗ್ಯಕ್ಕೆ ‘ಆ’, ಮನೆಗೆಲಸಕ್ಕೆ ‘ಮ’, ಕೂಲಿಗೆ ಹೋದರೆ ‘ಕೂ’, ಓಡಾಟಕ್ಕೆ ‘ಓ’, ತರಗತಿಯೊಳಗಿನ ಕಿರಿಕಿರಿಗೆ ‘ತ’. ನಾಲ್ಕು ವಾರಕ್ಕೆ ಪುಟ ತಾನೇ ಮಾತಾಡುತ್ತದೆ. ‘ಓ’ ಜಾಸ್ತಿ ಇದ್ದರೆ ಬಸ್ಸಿನ ಹೊತ್ತು ನೋಡಿ. ‘ತ’ ಜಾಸ್ತಿ ಇದ್ದರೆ ಕಲಿಸುವವರನ್ನೋ ಗುಂಪಿನಲ್ಲಿ ಗೇಲಿ ಮಾಡುವವರನ್ನೋ ನೋಡಬೇಕು.

ಬೆನ್ನಿಗೆ ನಿಲ್ಲುವ ಕಾರ್ಯಕರ್ತೆಗೆ 20ರಿಂದ 25 ಜನ ಮೀರಿ ವಹಿಸಬೇಡಿ. ಕುಡಿತ, ಹೊಡೆತ, ಜೀವ ಕಳೆದುಕೊಳ್ಳುವ ಮಾತು ಇವನ್ನು ಅವರೇ ಸಂಭಾಳಿಸಲು ಹೋಗಬಾರದು. ವೈದ್ಯರು, ಆಪ್ತ ಸಮಾಲೋಚಕರು, ಕಾನೂನು ನೆರವು, ಹೆಣ್ಣುಮಕ್ಕಳ ಆಶ್ರಯ ಇವರ ನಂಬರು ಗೋಡೆಯ ಮೇಲಿರಲಿ, ಮೂರು ತಿಂಗಳಿಗೊಮ್ಮೆ ಕರೆ ಮಾಡಿ ಆ ನಂಬರು ಜೀವಂತವೇ ಎಂದು ನೋಡಿ. ಒಬ್ಬರ ಜೊತೆ ಒಬ್ಬರೇ ಮಾತಾಡುವಾಗ ಬಾಗಿಲು ತೆರೆದಿರಲಿ. ಸಿಬ್ಬಂದಿಯ ಮೇಲೇ ದೂರಿದ್ದರೆ ಯಾರಿಗೆ ಹೇಳಬೇಕು ಎಂಬುದು ಮೊದಲ ದಿನವೇ ಎಲ್ಲರಿಗೂ ತಿಳಿದಿರಲಿ.

ಕೆಲಸಕ್ಕೆ ಕಳಿಸುವ ಮುನ್ನ

ಪರಿಚಯ ಪತ್ರ ಒಂದೇ ಪುಟ. ‘ಅನುಭವ ಇಲ್ಲ’ ಅಂತ ಅವರು ಹೇಳುತ್ತಾರೆ, ನಂಬಬೇಡಿ. ಮೂರು ವರ್ಷ ಅಂಗಡಿಯಲ್ಲಿ ಕೂತು ಚಿಲ್ಲರೆ ಲೆಕ್ಕ ಇಟ್ಟವರಿಗೆ ಅನುಭವವಿದೆ. ಸಂದರ್ಶನದ ಅಭ್ಯಾಸ ಮೂರು ಸಲ, ಅದರಲ್ಲಿ ಒಂದು ಸಲವಾದರೂ ಅವರು ಎಂದೂ ನೋಡದ ಅಪರಿಚಿತರ ಎದುರು. ‘ಓದು ಯಾಕೆ ಬಿಟ್ಟಿರಿ?’ ಎಂಬುದು ಬಂದೇ ಬರುತ್ತದೆ. ಎರಡೇ ವಾಕ್ಯದ ನಿಜವಾದ ಉತ್ತರ ರೂಢಿ ಮಾಡಿಸಿ: ‘ಮನೆಯಲ್ಲಿ ದುಡಿಯೋರು ಇರಲಿಲ್ಲ, ಹತ್ತನೇ ತರಗತಿಗೆ ಬಿಟ್ಟೆ. ಈಗ ಈ ತರಬೇತಿ ಮುಗಿಸಿದ್ದೀನಿ, ಒಂದು ದಿನವೂ ತಡವಾಗಿ ಬಂದಿಲ್ಲ.’ ಮನೆಯ ಕಷ್ಟವನ್ನೆಲ್ಲ ಅಲ್ಲಿ ಬಿಚ್ಚಿಡಬೇಕಿಲ್ಲ.

ಸೇರುವ ಮುಂಚೆ, ಪಾಳಿಯ ಹೊತ್ತಿಗೇ, ಮನೆಯಿಂದ ಕೆಲಸದ ಗೇಟಿನವರೆಗೆ ಒಂದು ಸಲ ಹೋಗಿ ಬರಲಿ. ಮಧ್ಯಾಹ್ನ ಅರ್ಧ ಗಂಟೆಯ ದಾರಿ ಬೆಳಿಗ್ಗೆ ಒಂದೂಕಾಲು ಗಂಟೆ ಆಗಬಹುದು.

ಈಗ ಸಂಬಳದ ತಾರೀಖು. ಲೆಕ್ಕ 20ಕ್ಕೆ ಮುಗಿಯುತ್ತದೆ, ಸಂಬಳ ಮುಂದಿನ ತಿಂಗಳ 5ಕ್ಕೆ ಬರುತ್ತದೆ ಅಂದುಕೊಳ್ಳಿ. 22ನೇ ತಾರೀಖು ಸೇರಿದವರ ದಿನಗಳು ಮುಂದಿನ ಲೆಕ್ಕಕ್ಕೆ ಹೋಗುತ್ತವೆ, ಕೈಗೆ ಹಣ ಬರುವುದು ಆರು ವಾರ ದಾಟಿದ ಮೇಲೆ. ಅಷ್ಟು ದಿನ ಬಸ್ಸು, ಊಟ, ಮನೆ ಹೇಗೆ? ಇದೇ ಹೊತ್ತಿಗೆ ದಿನಗೂಲಿಗೆ ವಾಪಸ್ ಹೋಗುವುದು ನಡೆಯುತ್ತದೆ, ‘ಇವರಿಗೆ ದುಡಿಯುವ ಮನಸ್ಸಿಲ್ಲ’ ಎಂದು ನಾವು ಅನ್ನುತ್ತೇವೆ. ಸೇರುವ ದಿನವನ್ನು ಲೆಕ್ಕದ ತಾರೀಖಿಗಿಂತ ಒಂದಷ್ಟು ದಿನ ಮೊದಲು, 10ರ ಸುಮಾರಿಗೆ ಹೊಂದಿಸಬಹುದೇ ಕೇಳಿ, ಉದ್ಯೋಗದಾತರು ಮುಂಗಡ ಕೊಡುತ್ತಾರೆಯೇ ಕೇಳಿ. ಎರಡೂ ಆಗದಿದ್ದರೆ ಮೊದಲ ಸಂಬಳದವರೆಗೆ ಓಡಾಟದ ಖರ್ಚನ್ನು ನೀವೇ ಮುಂದುವರಿಸಿ. ಇಡೀ ತರಬೇತಿಯ ಖರ್ಚಿನ ಎದುರು ಅದು ಏನೂ ಅಲ್ಲ.

ಹತ್ತನೇ ವಾರದ ಒಂದು ಶುಕ್ರವಾರ ಸಂಬಳ ಚೀಟಿ ಓದಿಸಿ. ಮೇಲೆ ಒಟ್ಟು ಸಂಬಳ, ಕೆಳಗೆ ಕಡಿತಗಳು, ಕೊನೆಗೆ ಕೈಗೆ ಬರುವುದು. ಹೇಳಿದ ಸಂಬಳ ಒಂದು, ಖಾತೆಗೆ ಬಿದ್ದದ್ದು ಇನ್ನೊಂದು ಅಂತ ಕಂಡಾಗ ಮೋಸ ಹೋದೆ ಎಂದು ಕೆಲಸ ಬಿಡುವವರಿದ್ದಾರೆ. ಯಾವ ಕಡಿತ ಮುಂದೆ ತಮಗೇ ವಾಪಸ್ ಬರುತ್ತದೆ, ಯಾವುದು ಬರುವುದಿಲ್ಲ, ಯಾವುದು ಕಡಿಯಲೇ ಬಾರದು ಎಂದು ಬೆರಳಿಟ್ಟು ತೋರಿಸಿ. ಕೆಲವೊಮ್ಮೆ ಮೋಸ ನಿಜವಾಗಿಯೂ ಇರುತ್ತದೆ; ಚೀಟಿ ಓದಲು ಬಂದವರಿಗೆ ಅದೂ ಗೊತ್ತಾಗುತ್ತದೆ.

ಸೇರಿದ ಮೇಲೆ ಆರು ತಿಂಗಳು

ಫೋನು ಮಾಡುವ ದಿನಗಳು: 1, 3, 7, 15, 30, 60, 90, 180. ಪ್ರತಿ ಸಲ ಇಬ್ಬರಿಗೆ, ಕೆಲಸಕ್ಕೆ ಸೇರಿದವರಿಗೆ ಒಂದು, ಸೂಪರ್‌ವೈಸರಿಗೆ ಒಂದು. ಸೂಪರ್‌ವೈಸರ್ ಹತ್ತಿರ ‘ಹೇಗಿದ್ದಾರೆ?’ ಅಂದರೆ ‘ಪರವಾಗಿಲ್ಲ’ ಅನ್ನುತ್ತಾರೆ. ‘ಈ ವಾರ ಅವರು ಯಾವ ಕೆಲಸದಲ್ಲಿ ನಿಧಾನ?’ ಎಂದು ಕೇಳಿದರೆ ಸರಿಪಡಿಸಬಹುದಾದ ಒಂದು ವಿಷಯ ಸಿಗುತ್ತದೆ, ಭಾನುವಾರ ಕರೆದು ಅದನ್ನು ಮತ್ತೆ ಕಲಿಸಬಹುದು.

ಮೊದಲ ಕೆಲಸ ಬಿಟ್ಟವರನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ಎರಡು ವಾರದೊಳಗೆ ಎರಡನೇ ಕೆಲಸದ ಸಂದರ್ಶನ ಹೊಂದಿಸಿ. ಎಷ್ಟೋ ಜನ ನಿಲ್ಲುವುದು ಎರಡನೇ ಕೆಲಸದಲ್ಲಿ. ಒಂದೇ ಜಾಗದಿಂದ ನಿಮ್ಮವರು ಮೂವರು ಬಿಟ್ಟರೆ ಆ ಜಾಗಕ್ಕೆ ಮತ್ತೆ ಕಳಿಸುವುದನ್ನು ನಿಲ್ಲಿಸಿ, ಉದ್ಯೋಗದಾತರು ಎಷ್ಟೇ ಬೇಕಾದವರಾಗಿರಲಿ.

ಲೆಕ್ಕ ಇಡುವುದು

ಉದಾಹರಣೆಗೆ 24 ಜನ ಸೇರಿದರು, 18 ಜನ ಮುಗಿಸಿದರು, 15 ಜನರಿಗೆ ಕೆಲಸ ಸಿಕ್ಕಿತು, ಆರು ತಿಂಗಳಿಗೆ 9 ಜನ ಕೆಲಸದಲ್ಲಿದ್ದಾರೆ. 18ರಲ್ಲಿ 15 ಎಂದು ಲೆಕ್ಕ ಹಾಕಿದರೆ ಶೇ. 83, ವರದಿಯಲ್ಲಿ ಚಂದ ಕಾಣುತ್ತದೆ. 24ರಲ್ಲಿ 9 ಎಂದರೆ ಶೇ. 37.5. ಹಣ ಕೊಟ್ಟವರಿಗೆ ಎರಡನ್ನೂ ತೋರಿಸಿ, ಗೋಡೆಯ ಮೇಲೆ ಎರಡನೆಯದನ್ನು ಬರೆದಿಡಿ. ಮೊದಲ ಅಂಕಿಯನ್ನೇ ಗುರಿ ಮಾಡಿಕೊಂಡ ಸಂಸ್ಥೆ ಮೆಲ್ಲಗೆ, ತನಗೇ ಗೊತ್ತಿಲ್ಲದೆ, ಹೇಗಿದ್ದರೂ ಮುಗಿಸುವವರನ್ನೇ ಆರಿಸಿಕೊಳ್ಳತೊಡಗುತ್ತದೆ. ಮಗುವಿರುವ ತಾಯಿ, ಓದಲು ಬಾರದ ಹುಡುಗ ಆಗ ಪಟ್ಟಿಯಿಂದ ಮಾಯ.

ಒಬ್ಬೊಬ್ಬರಿಗೆ ಒಂದು ಸಾಲು, ಹತ್ತು ಅಂಕಣ: ಸೇರಿದ ದಿನ, ಬಿಟ್ಟ ದಿನ ಮತ್ತು ಕಾರಣ, ಮುಗಿಸಿದ ದಿನ, ಕೆಲಸಕ್ಕೆ ಸೇರಿದ ದಿನ, ಕೆಲಸದ ಹೆಸರು, ಕೈಗೆ ಬರುವ ಸಂಬಳ, ಮೊದಲ ಸಂಬಳ ಬಂದ ದಿನ, 30, 90, 180ನೇ ದಿನದ ಸ್ಥಿತಿ. ಇದಕ್ಕೆ ಸಾಫ್ಟ್‌ವೇರ್ ಬೇಡ, ಉದ್ದದ ರಿಜಿಸ್ಟರ್ ಸಾಕು.

ಬ್ಯಾಚು ಮುಗಿದ ವಾರ, ನಡುವೆ ಬಿಟ್ಟುಹೋದ ಆರೂ ಜನರಿಗೆ ಫೋನು ಮಾಡಿ. ಕಲಿಸಿದವರು ಮಾಡುವುದು ಬೇಡ, ಅವರ ಎದುರು ಯಾರೂ ನಿಜ ಹೇಳುವುದಿಲ್ಲ. ಕೇಳಬೇಕಾದದ್ದು ಮೂರೇ: ಕೊನೆಯ ಸಲ ಬಂದ ದಿನ ಏನಾಯಿತು, ಮರುದಿನ ಬೆಳಿಗ್ಗೆ ಏನಾಯಿತು, ಏನಿದ್ದಿದ್ದರೆ ಬರುತ್ತಿದ್ದಿರಿ. ಉತ್ತರವನ್ನು ಅವರು ಆಡಿದ ಮಾತಿನಲ್ಲೇ ಬರೆದುಕೊಂಡು, ಮುಂದಿನ ಬ್ಯಾಚಿನ ವೇಳಾಪಟ್ಟಿಗೆ ಅದಾದ ಮೇಲೆ ಕೈಹಚ್ಚಿ. ಆರರಲ್ಲಿ ಇಬ್ಬರಿಗೆ ಮತ್ತೆ ಬರುವ ಮನಸ್ಸಿರಬಹುದು, ಹೊಸ ಪಟ್ಟಿಯ ಮೊದಲ ಎರಡು ಸಾಲು ಅವರಿಗೆ ಖಾಲಿ ಬಿಡಿ.